ಒಟ್ಟೆ ಮುಕ್ಕಾಲು ಹುಡುಕಿದ ಮಳೆಗಾಲ

ಕಳೆದ ತಿಂಗಳು ಮೂಡುಬಿದಿರೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನವೊಂದಿತ್ತು. ಮೊಮ್ಮಗಳು ಬಿಡಲಿಲ್ಲ, ಕೈಹಿಡಿದು ಕರೆದುಕೊಂಡು ಹೋದಳು. ಒಂದು ಮೇಜಿನ ಮೇಲೆ ಬೋಗುಣಿ ತುಂಬ ತಾಮ್ರದ ನಾಣ್ಯಗಳನ್ನು ಮಾರಲು ಇಟ್ಟಿದ್ದರು. ನನ್ನ ಕೈ ನನ್ನನ್ನು ಕೇಳದೆ ಅದರೊಳಗೆ ಹೋಯಿತು. "ಅಜ್ಜಿ, ಹಾಗೆ ಕಲಕಬೇಡಿ, ಹೊಳಪು ಹೋಗ್ತದೆ" ಎಂದ ಮಾರುವವನು. ಹೋಗುವುದಕ್ಕೆ ಅವುಗಳಿಗೆ ಹೊಳಪು ಎಲ್ಲಿತ್ತು! ಕೈ ಹೊರಗೆ ತೆಗೆದು ಬೆರಳು ಮೂಸಿದೆ. ಅದೇ ವಾಸನೆ. ತಾಮ್ರದ್ದು, ಬೆವರಿನದ್ದು, ಸ್ವಲ್ಪ ಬೆಲ್ಲದ್ದು. ಮೊಮ್ಮಗಳು ಮುಖ ಕಿವುಚಿದಳು. ನಾನು ಆಗಲೇ ಸಿದ್ಧಕಟ್ಟೆಗೆ ಹೋಗಿಬಿಟ್ಟಿದ್ದೆ.

ನಯಾ ಪೈಸೆ ಬಂದ ವರ್ಷ ಅದು. ಟೀಚರ್ ಟ್ರೈನಿಂಗ್ ಮುಗಿಸಿದ ನನಗೆ ಸಿದ್ಧಕಟ್ಟೆಯ ಶಾಲೆಯಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಮದುವೆಯಾಗದ ಹುಡುಗಿ ಒಬ್ಬಳೇ ಎಲ್ಲಿ ಉಳಿಯುವುದು ಎಂದು ಅಪ್ಪ ಹತ್ತು ಕಡೆ ವಿಚಾರಿಸಿ, ಕೊನೆಗೆ ಒಂದು ಜೈನರ ಮನೆಯಲ್ಲಿ ಕೋಣೆ ಗೊತ್ತುಮಾಡಿದರು. ಮನೆಯ ಎದುರು ಭಾಗವೇ ಜಿನಸಿನ ಅಂಗಡಿ. ಅಂಗಡಿಯಲ್ಲಿ ಆದಿರಾಜಣ್ಣ, ಒಳಗೆ ಅವರ ಹೆಂಡತಿ ಕುಸುಮಕ್ಕ, ಎರಡಕ್ಕೂ ನಡುವೆ ಜಗಲಿಯಲ್ಲಿ ಆದಿರಾಜಣ್ಣನ ತಾಯಿ. ಅವರ ಹೆಸರು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಊರಿಗೆಲ್ಲ ಅವರು ಅಜ್ಜಿ. ಒಬ್ಬಳೇ ಮಗಳು ಸುನಂದೆಯನ್ನು ಹಿಂದಿನ ವರ್ಷವಷ್ಟೇ ಬೆಳ್ತಂಗಡಿ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು.

ಆ ಮನೆಯಲ್ಲಿ ನನಗಿದ್ದ ಕಷ್ಟ ಒಂದೇ, ಹಸಿವು. ಅವರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಬೆಳಕಿರುವಾಗಲೇ ಉಂಡು ಎದ್ದರೆ ನನ್ನ ಹೊಟ್ಟೆ ಮಲಗುವ ಹೊತ್ತಿಗೆ ಮತ್ತೆ ಕೂಗುತ್ತಿತ್ತು. ಅಜ್ಜಿಗೆ ಇದು ಹೇಗೆ ತಿಳಿಯಿತೋ, ಒಂದು ದಿನ ನನ್ನ ಕೋಣೆಯ ಗೋಡೆಯ ಮಾಡದಲ್ಲಿ ಬೆಲ್ಲ, ಅವಲಕ್ಕಿ ಇಟ್ಟ ಡಬ್ಬ ಕಾಣಿಸಿಕೊಂಡಿತು. ಕೇಳಿದರೆ, "ನನಗೇನು ಗೊತ್ತು? ಇಲಿ ತಂದಿಟ್ಟಿರಬೇಕು" ಎಂದರು. ಅಜ್ಜಿ ಆಡುತ್ತಿದ್ದುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅರ್ಧ ರುಚಿ ಹೋಗುತ್ತದೆ, ಏನು ಮಾಡುವುದು.

ನನಗೊಂದು ಹುಚ್ಚಿತ್ತು. ಮೂಡುಬಿದಿರೆಯಲ್ಲಿ ಅಪ್ಪನದು ಹೊಲಿಗೆಯ ಅಂಗಡಿ. ಗುಂಡಿಗಳ ಡಬ್ಬಕ್ಕೆ ಚಿಲ್ಲರೆಯನ್ನೂ ಹಾಕುತ್ತಿದ್ದರು. ಗುಂಡಿ ಬೇರೆ, ಕಾಸು ಬೇರೆ ಮಾಡುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಹಾಗೆ ಮಾಡುತ್ತಾ ಒಂದು ದಿನ ಆನೆಯ ಚಿತ್ರವಿದ್ದ ಸವೆದ ಕಾಸೊಂದು ಸಿಕ್ಕಿತು. ಯಾವ ಅಂಗಡಿಯಲ್ಲೂ ನಡೆಯದ ಆ ಕಾಸನ್ನು ಅಪ್ಪ ನನಗೇ ಕೊಟ್ಟರು. ಅಂದಿನಿಂದ ಎಲ್ಲೇ ಚಿಲ್ಲರೆಯ ಸದ್ದು ಕೇಳಿದರೂ ನನ್ನ ಕಿವಿ ನೆಟ್ಟಗಾಗುತ್ತಿತ್ತು.

ಸಿದ್ಧಕಟ್ಟೆಯ ಅಂಗಡಿ ನನ್ನ ಪಾಲಿಗೆ ನಿಧಿಯೇ ಆಯಿತು. ವಾರದ ಚಿಲ್ಲರೆಯನ್ನು ಜಾತಿಜಾತಿಯಾಗಿ ಬೇರೆ ಮಾಡಿ, ಕಾಗದದಲ್ಲಿ ಸುರುಳಿ ಸುತ್ತಿ, ಬಂಟ್ವಾಳ ಪೇಟೆಯ ಸಗಟು ಅಂಗಡಿಗೆ ಸಾಮಾನಿನ ಬಾಬ್ತು ಕಳಿಸುವುದು ಆದಿರಾಜಣ್ಣನ ಪದ್ಧತಿ. ಸುರುಳಿ ಸುತ್ತುವುದೆಂದರೆ ಅವರಿಗೆ ತಲೆನೋವು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳು ನಾನೇ ಕೇಳಿದೆ, "ಅಣ್ಣ, ನಾನು ಸುತ್ತಿ ಕೊಡ್ತೇನೆ. ನನಗೆ ಬೇಕಾದ ಕಾಸು ಕಂಡರೆ ತೆಗೆದುಕೊಂಡು ಅದರ ಬದಲಿಗೆ ಬೇರೆ ಹಾಕ್ತೇನೆ. ಆಗಬಹುದಾ?"

"ಕಾಸಿಗೆ ಕಾಸು ತಾನೆ? ಧಾರಾಳ ಮಾಡಿ ಮಾರಾಯ್ರೆ. ಹಳೆ ಕಾಸಿಟ್ಟುಕೊಂಡು ನೀವು ಏನು ಮಾಡ್ತೀರಿ?"

"ನೋಡ್ತೇನೆ."

"ನೋಡ್ಲಿಕ್ಕೆ?" ಎಂದು ಆದಿರಾಜಣ್ಣ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಅವರ ಮಟ್ಟಿಗೆ ಕಾಸು ಎಂದರೆ ಕೊಡುವುದಕ್ಕೆ ಇಲ್ಲವೇ ತೆಗೆದುಕೊಳ್ಳುವುದಕ್ಕೆ.

ಹೊಸ ನಾಣ್ಯ ಬಂದದ್ದೇ ತಡ, ಜನ ಎಲ್ಲೆಲ್ಲೋ ಅಡಗಿಸಿಟ್ಟಿದ್ದ ಹಳೆಯ ಕಾಸನ್ನೆಲ್ಲ ಹೊರಗೆ ತೆಗೆಯತೊಡಗಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಹಳತು ನಡೆಯುವುದೇ ಇಲ್ಲವಂತೆ ಎಂದು ಯಾರೋ ಹಬ್ಬಿಸಿದ್ದರು. "ಇನ್ನೂ ವರ್ಷಗಟ್ಟಲೆ ನಡೀತದೆ, ಹೆದರಬೇಡಿ" ಎಂದು ಆದಿರಾಜಣ್ಣ ಎಷ್ಟು ಹೇಳಿದರೂ ಕೇಳುವವರಿಲ್ಲ. ಭತ್ತದ ಕಣಜದ ಅಡಿಯಿಂದ, ಮಣ್ಣಿನ ಕುಡಿಕೆಯಿಂದ, ಸತ್ತುಹೋದ ಅತ್ತೆಯ ಎಲೆಚೀಲದಿಂದ ಕಾಸುಗಳು ಎದ್ದು ಬಂದವು. ರಾಣಿಯ ತಲೆಯದು, ಬೋಳುತಲೆ ರಾಜನದು, ಅದಕ್ಕೂ ಹಿಂದಿನ ಕಂಪನಿಯ ಸಿಂಹಗಳದು. ಒಂದೊಂದು ಸಿಕ್ಕಾಗಲೂ ನನಗೆ ಮೈಯೆಲ್ಲ ಜುಂ ಎನ್ನುತ್ತಿತ್ತು. ಸೆರಗಿನಲ್ಲಿ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಇಸವಿ ಓದಿ, ಆಮೇಲೆ ಡಬ್ಬಕ್ಕೆ. ಅಜ್ಜಿ ಜಗಲಿಯಿಂದಲೇ ಕೇಳುವರು, "ಇವತ್ತು ಯಾರು ಬಂದರು, ರಾಣಿಯಾ ರಾಜನಾ?"

ಒಂದೇ ಒಂದು ಕಾಸನ್ನು ಮಾತ್ರ ನಾನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಒಟ್ಟೆ ಮುಕ್ಕಾಲು. ಕಾಲಾಣೆಗೆ ನಮ್ಮಲ್ಲಿ ಮುಕ್ಕಾಲು ಎನ್ನುತ್ತಿದ್ದರು, ಒಟ್ಟೆ ಎಂದರೆ ತೂತು. ಯುದ್ಧದ ಕಾಲದಲ್ಲಿ ತಾಮ್ರ ಸಾಲದೆ ನಡುವೆ ದೊಡ್ಡ ತೂತು ಬಿಟ್ಟು ಮಾಡಲು ಶುರುಮಾಡಿದ ಆ ನಾಣ್ಯ ಎಲ್ಲರ ಮನೆಯಲ್ಲೂ ರಾಶಿ ಇತ್ತು. ಅದನ್ನು ತೆಗೆದಿಡುವುದೆಂದರೆ ಅಂಗಳದ ಕಲ್ಲು ಹೆಕ್ಕಿಟ್ಟಂತೆ.

ಅಜ್ಜಿಗೆ ನಯಾ ಪೈಸೆಯ ಮೇಲೆ ಎಷ್ಟು ಪ್ರೀತಿಯೋ ಅಷ್ಟೇ ಅನುಮಾನ. ಹೂವಿನಂತೆ ಅಂಚು ಸುರುಟಿದ ಹತ್ತು ನಯಾ ಪೈಸೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುವರು. ಆದರೆ ಲೆಕ್ಕ ಬಗೆಹರಿಯುತ್ತಿರಲಿಲ್ಲ. "ಒಂದಾಣೆಗೆ ಆರು ನಯಾ ಪೈಸೆ, ಎರಡಾಣೆಗೆ ಹನ್ನೆರಡು, ಸರಿ. ಮೂರಾಣೆಗೆ ಹತ್ತೊಂಬತ್ತು ಹೇಗೆ? ಆ ಒಂದು ಎಲ್ಲಿಂದ ಬಂತು ಟೀಚರೆ?" ನಾನು ರೂಪಾಯಿಯನ್ನು ನೂರು ಭಾಗ ಮಾಡಿ ವಿವರಿಸುತ್ತಿದ್ದೆ. ಅಜ್ಜಿ ಎಲ್ಲವನ್ನೂ ಕೇಳಿ, "ಅದೆಲ್ಲ ಇರಲಿ, ಆ ಒಂದು ಎಲ್ಲಿಂದ ಬಂತು?" ಎನ್ನುವರು.

ಮಳೆ ಹಿಡಿಯುವ ಹೊತ್ತಿಗೆ ಸುನಂದೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನನಗಿಂತ ಚಿಕ್ಕವಳು. ಬಂದ ಒಂದೆರಡು ವಾರ ನನ್ನ ಪಕ್ಕ ಕೂತು ಸುರುಳಿ ಸುತ್ತಿದಳು, ನಕ್ಕಳು, ಹುಳಿ ಬೇಕೆಂದು ಅಂಬಟೆಕಾಯಿಗೆ ಉಪ್ಪು ಹಚ್ಚಿ ತಿಂದಳು. ಆಮೇಲೆ ಅವಳ ಕಾಲು ಬಾತುಕೊಂಡಿತು. ತಲೆ ಸುತ್ತುತ್ತದೆ ಎನ್ನತೊಡಗಿದಳು. ಬಂಟ್ವಾಳದ ಡಾಕ್ಟರು ನೋಡಿ, ಉಪ್ಪು ಬಿಡಿಸಿ, ಹಾಸಿಗೆಯಿಂದ ಏಳಬಾರದು ಎಂದರು. ಚೊಚ್ಚಲು, ಜಾಗ್ರತೆ ಎಂದೂ ಹೇಳಿದರು. ಡಾಕ್ಟರ ಬಾಯಲ್ಲಿ ಆ ಮಾತು ಬಂದರೆ ತಾಯಿಯಾದವಳಿಗೆ ಏನಾಗಬೇಡ!

ಮರುದಿನ ಬೆಳಿಗ್ಗೆ ಕುಸುಮಕ್ಕ ಸ್ನಾನ ಮಾಡಿ ದೇವರ ಮೂಲೆಯಿಂದ ಮುಡಿಪು ತೆಗೆದರು. ನಮ್ಮ ಕಡೆ ಕಷ್ಟ ಬಂದಾಗ ಧರ್ಮಸ್ಥಳಕ್ಕೆಂದು ಒಂದು ಕಾಸನ್ನು ಅರಸಿನ ಬಟ್ಟೆಯಲ್ಲಿ ಕಟ್ಟಿ ಎತ್ತಿಡುವುದುಂಟು. ಅದಕ್ಕೆ ಜಾತಿ ಮತದ ಭೇದವಿಲ್ಲ. ಕಷ್ಟ ಕಳೆದ ಮೇಲೆ ಹೋಗಿ ಒಪ್ಪಿಸಬೇಕು. ಈ ಮುಡಿಪು ಸುನಂದೆಯದು. ಅವಳು ಸಣ್ಣವಳಿದ್ದಾಗ, ಯುದ್ಧ ಇನ್ನೂ ನಡೆಯುತ್ತಿದ್ದ ರೇಷನ್ ಅಕ್ಕಿಯ ಕಾಲದಲ್ಲಿ, ವಿಷಮಶೀತ ಜ್ವರ ಬಂದು ಕಣ್ಣು ಮೇಲೆ ಹೋಗಿತ್ತಂತೆ. ಕುಸುಮಕ್ಕ ಒಂದು ಒಟ್ಟೆ ಮುಕ್ಕಾಲಿಗೆ ದಾರ ಪೋಣಿಸಿ ಮಗಳ ಸೊಂಟಕ್ಕೆ ಕಟ್ಟಿ ಹರಕೆ ಹೇಳಿಕೊಂಡರು. ಜ್ವರ ಬಿಟ್ಟಿತು. ದಾರದ ಸಮೇತ ಬಿಚ್ಚಿ ಮುಡಿಪು ಕಟ್ಟಿದರು. ಇವತ್ತು ಹೋಗುವ, ನಾಳೆ ಹೋಗುವ ಎಂದು ವರ್ಷಗಳು ಸರಿದವು. ಮಗಳ ಮದುವೆಯಾಯಿತು, ಅಳಿಯನನ್ನೂ ಕರೆದುಕೊಂಡೇ ಹೋಗುವ ಎಂದು ಮತ್ತೆ ಮುಂದೆ ಹಾಕಿದರು.

ಈಗ ಆ ಗಂಟನ್ನು ಕಣ್ಣಿಗೊತ್ತಿಕೊಳ್ಳಲು ಹೋದ ಕುಸುಮಕ್ಕ ಹಾಗೇ ನಿಂತರು. ಬಟ್ಟೆಯ ಮೇಲಿನಿಂದ ಬೆರಳಾಡಿಸಿದರು. ತೂತು ಸಿಗಲಿಲ್ಲ. ಗಂಟು ಬಿಚ್ಚಿದರೆ ಒಳಗೆ ಹತ್ತು ನಯಾ ಪೈಸೆ, ಹೊಚ್ಚ ಹೊಸತು.

"ಯಾರು ಇದನ್ನು ಮುಟ್ಟಿದ್ದು?"

ಜಗಲಿಯಿಂದ ಅಜ್ಜಿ ಖುಷಿಯಲ್ಲೇ ಹೇಳಿದರು, "ನಾನೇ ಕುಸುಮ. ಹಳೆ ಕಾಸು ಇನ್ನು ನಡೆಯುವುದಿಲ್ಲವಲ್ಲ. ನಡೆಯದ ಕಾಸನ್ನು ದೇವರಿಗೆ ಕೊಡುವುದಾ ಅಂತ ಮೊನ್ನೆ ಬದಲಾಯಿಸಿದೆ. ಒಂದು ಮುಕ್ಕಾಲಿಗೆ ಹತ್ತು ನಯಾ ಪೈಸೆ ಇಟ್ಟಿದ್ದೇನೆ, ದೇವರಿಗೆ ಏನೂ ನಷ್ಟ ಇಲ್ಲ."

"ಅದನ್ನು ಏನು ಮಾಡಿದ್ರಿ?"

"ಗಲ್ಲಾಪೆಟ್ಟಿಗೆಗೆ ಹಾಕಿದೆ."

ಕುಸುಮಕ್ಕ ಅತ್ತೆಗೆ ಒಂದು ಮಾತೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಳಗೆ ಬಂದವರು ನನ್ನ ಕೋಣೆಯ ಬಾಗಿಲಲ್ಲಿ ಕುಸಿದು ಕೂತರು. "ಆ ಜ್ವರ ಅದರಲ್ಲಿ ಉಂಟು ಟೀಚರೆ. ಅದನ್ನು ಸೊಂಟದಲ್ಲಿ ಕಟ್ಟಿಕೊಂಡೇ ಮಗು ಬದುಕಿದ್ದು. ದೇವರ ಹತ್ತಿರ ಹೋಗಿ ಸೇರಿದರೆ ಅಲ್ಲಿಗೆ ಮುಗೀತದೆ ಅಂತ ಎತ್ತಿಟ್ಟದ್ದು. ಈಗ ಅದು ಊರಲ್ಲಿ ತಿರುಗ್ತಾ ಉಂಟು. ಅದಕ್ಕೇ ಇವಳ ಕಾಲು ಬಾತದ್ದು."

ನಾನು ಕಲಿತವಳು, ಪಾಠ ಹೇಳುವವಳು. ಕಾಸಿಗೂ ಕಾಲು ಬಾಯುವುದಕ್ಕೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಅವರ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

ಗಲ್ಲಾಪೆಟ್ಟಿಗೆ ಹುಡುಕಿದೆವು, ಇರಲಿಲ್ಲ. ಇರುವುದಾದರೂ ಹೇಗೆ? ಹಿಂದಿನ ಶನಿವಾರದ ಚಿಲ್ಲರೆಯನ್ನು ನಾನೇ ಸುತ್ತಿ ಬಂಟ್ವಾಳಕ್ಕೆ ಕಳಿಸಿದ್ದೆ. ಆ ಮುಕ್ಕಾಲು ನನ್ನ ಕೈಯಿಂದಲೇ ಹಾದು ಹೋಗಿರಬೇಕು, ನಾನು ನೋಡಿರಲಿಲ್ಲ.

ಅಲ್ಲಿಂದ ಮನೆ ಬೇರೆಯೇ ಆಯಿತು. ಕುಸುಮಕ್ಕ ಹೊತ್ತಿಗೆ ಸರಿಯಾಗಿ ಅತ್ತೆಗೆ ಬಡಿಸುತ್ತಿದ್ದರು, ತಾವು ಮಾತ್ರ ಎಲೆಯ ಮುಂದೆ ಕೂರುತ್ತಿರಲಿಲ್ಲ. ಅತ್ತೆಯೊಡನೆ ಮಾತಿಲ್ಲ. ಅಮ್ಮನ ಮುಖ ನೋಡಿ ನೋಡಿ ಸುನಂದೆಗೂ ಹೆದರಿಕೆ ಹತ್ತಿತು. "ಟೀಚರ್, ನಾನು ಉಳಿಯುವುದಿಲ್ಲವಾ?" ಎಂದು ಒಂದು ಸಂಜೆ ನನ್ನನ್ನು ಕೇಳಿದಳು. ಹೆರಿಗೆಗೆ ಮೊದಲು ಈ ಹೆದರಿಕೆಯೇ ಅವಳನ್ನು ತಿಂದುಹಾಕುತ್ತದೆ ಎಂದು ನನಗೆ ಗಾಬರಿಯಾಯಿತು. ಜಗಲಿಯಲ್ಲಿ ಅಜ್ಜಿ ಎಲೆಯಡಿಕೆ ಹಾಕುವುದನ್ನೇ ಬಿಟ್ಟಿದ್ದರು. ಯಾರು ಬಂದರು, ರಾಣಿಯಾ ರಾಜನಾ ಎಂದು ಕೇಳುವುದನ್ನೂ ಬಿಟ್ಟರು.

ಒಂದು ಬೆಳಿಗ್ಗೆ ನೋಡಿದರೆ ಅಜ್ಜಿ ಒಗೆದ ಸೀರೆ ಉಟ್ಟು, ಕೈಯಲ್ಲಿ ಒಂದು ಲಿಂಬೆಹಣ್ಣು ಹಿಡಿದು ನಿಂತಿದ್ದಾರೆ. "ಹೋಗುವ ಟೀಚರೆ, ಬಂಟ್ವಾಳಕ್ಕೆ. ನೀನು ಸುತ್ತಿದ ಸುರುಳಿ ನಿನಗೆ ಗುರ್ತ ಸಿಗ್ತದೆ. ಅದರೊಳಗೆ ನನ್ನ ಕಾಸು ನನಗೆ ಗುರ್ತ ಸಿಗ್ತದೆ."

"ಅಜ್ಜಿ, ಒಟ್ಟೆ ಮುಕ್ಕಾಲು ಎಲ್ಲ ಒಂದೇ ಹಾಗೆ ಇರ್ತದಲ್ಲ. ಹೇಗೆ ಗೊತ್ತಾಗುವುದು?"

"ಕೈಗೆ ಗೊತ್ತಾಗ್ತದೆ."

ಬಸ್ಸು ಹತ್ತಿ ಎಷ್ಟು ವರ್ಷವಾಗಿತ್ತೋ ಅಜ್ಜಿಗೆ. ದಾರಿಯುದ್ದಕ್ಕೂ ಲಿಂಬೆಹಣ್ಣನ್ನು ಮೂಗಿಗೆ ಹಿಡಿದೇ ಕೂತಿದ್ದರು. ಬಂಟ್ವಾಳ ಪೇಟೆಯಲ್ಲಿ ಇಳಿದರೆ ನೇತ್ರಾವತಿ ಕೆಂಪು ನೀರು ತುಂಬಿಕೊಂಡು ಅಂಗಡಿಸಾಲಿನ ಹಿಂದಕ್ಕೇ ಬಂದು ನಿಂತಿದೆ. ಆ ಪೇಟೆಯವರಿಗೆ ಇದು ಪ್ರತಿವರ್ಷದ ಪಾಡು. ಸಕ್ಕರೆ, ಅಕ್ಕಿ, ಬೇಳೆಯ ಮೂಟೆಗಳನ್ನು ಅಟ್ಟಕ್ಕೆ ಏರಿಸುವ ಗಡಿಬಿಡಿ. ಸಗಟು ಅಂಗಡಿಯ ಪ್ರಭುಗಳು ಕೊಂಕಣಿಯಲ್ಲಿ ಆಳುಗಳನ್ನು ಗದರಿಸುತ್ತಾ, ನಡುನಡುವೆ ಹೊಳೆಯನ್ನೂ ಗದರಿಸುತ್ತಾ ನಿಂತಿದ್ದರು.

ನಾನು ವಿಷಯ ಹೇಳಿದೆ. ಅವರು ನಗಲಿಲ್ಲ. ಮುಡಿಪು ಎಂಬ ಮಾತಿಗೆ ಆ ಊರಲ್ಲಿ ಯಾರೂ ನಗುವುದಿಲ್ಲ. "ಸಿದ್ಧಕಟ್ಟೆಯದ್ದು ಉಂಟು. ನಾಳೆಗೆ ಮಂಗಳೂರಿನ ಬ್ಯಾಂಕಿಗೆ ಹೋಗ್ಲಿಕ್ಕೆ ಕಟ್ಟಿಟ್ಟದ್ದು. ಅಲ್ಲಿಗೆ ಹೋದ ಹಳೆ ಕಾಸು ತಿರುಗಿ ಬರುವುದಿಲ್ಲ, ಸರಕಾರ ಕರಗಿಸ್ತದಂತೆ" ಎಂದು ಮರದ ಪೆಟ್ಟಿಗೆಯೊಂದನ್ನು ತೆರೆಸಿದರು. ನನ್ನ ಸುರುಳಿಗಳನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಮಕ್ಕಳ ಪರೀಕ್ಷೆಯ ಕಾಗದದಲ್ಲಿ ಸುತ್ತಿದ್ದೆ, ನನ್ನದೇ ಕೆಂಪು ಶಾಯಿ ಎದ್ದು ಕಾಣುತ್ತಿತ್ತು. "ನಿಮ್ಮ ಸುರುಳಿ ಬಿಚ್ಚಿದಾಗಲೆಲ್ಲ ನಮಗೆ ಗೊತ್ತಾಗ್ತದೆ ಟೀಚರೆ, ಸಿದ್ಧಕಟ್ಟೆಯಲ್ಲಿ ಯಾರಿಗೆಲ್ಲ ಭಾಗಾಕಾರ ಬರುವುದಿಲ್ಲ ಅಂತ" ಎಂದರು ಪ್ರಭುಗಳು. ಅದಕ್ಕೆ ನಾವೆಲ್ಲ ಸ್ವಲ್ಪ ನಕ್ಕೆವು. ಅಜ್ಜಿ ನಗಲಿಲ್ಲ.

ಗೋಣಿಚೀಲದ ಮೇಲೆ ಒಟ್ಟೆ ಮುಕ್ಕಾಲುಗಳನ್ನು ಸುರಿದೆ. ಅಜ್ಜಿ ಎದುರು ಕೂತು ಒಂದೊಂದನ್ನೇ ಎತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಲ್ಲಿ ಅಂಚನ್ನು ಸುತ್ತಲೂ ಸವರಿ, ಪಕ್ಕಕ್ಕೆ ಇಡುತ್ತಾ ಹೋದರು. ಮೇಲೆ ಮೂಟೆ ಏರಿಸುವವರ ಸದ್ದು, ಹಿಂದೆ ಹೊಳೆಯ ಸದ್ದು. ಪ್ರಭುಗಳು ನಡುವೆ ಬೆಲ್ಲ, ನೀರು ತಂದುಕೊಟ್ಟರು. ಅಜ್ಜಿ ಮುಟ್ಟಲಿಲ್ಲ. ರಾಶಿ ಕರಗುತ್ತಾ ಬಂತು. ಅಜ್ಜಿಯ ಮುಖ ನೋಡುವುದು ನನ್ನಿಂದಾಗುತ್ತಿರಲಿಲ್ಲ. ಕೊನೆಗೆ ಉಳಿದ ಒಂದೇ ಒಂದು ಕಾಸನ್ನು ಎತ್ತಿ ಸವರಿ, ಮುಷ್ಟಿಯೊಳಗೆ ಗಟ್ಟಿಯಾಗಿ ಹಿಡಿದುಕೊಂಡರು.

"ಇದೇ."

"ನಿಜವಾಗಿಯಾ ಅಜ್ಜಿ?"

"ಇದೇ ಮಗಾ. ನನಗೆ ಗೊತ್ತಾಗುವುದಿಲ್ಲವಾ?"

ಅಜ್ಜಿ ಮುಷ್ಟಿ ಬಿಡಿಸಿ ತೋರಿಸಿದರು. ನನ್ನ ಹಾಳು ಅಭ್ಯಾಸ, ಕಣ್ಣು ನೇರ ಇಸವಿಗೇ ಹೋಯಿತು. ಸ್ವಾತಂತ್ರ್ಯ ಬಂದ ವರ್ಷದ ನಾಣ್ಯ ಅದು. ಸುನಂದೆಗೆ ಜ್ವರ ಬಂದಾಗ ಯುದ್ಧವೇ ಮುಗಿದಿರಲಿಲ್ಲ. ಅವಳ ಸೊಂಟದಲ್ಲಿ ಈ ಕಾಸು ಇರಲು ಸಾಧ್ಯವೇ ಇಲ್ಲ. ಆಗ ಅದು ಹುಟ್ಟಿಯೇ ಇರಲಿಲ್ಲ. ಇಂಗ್ಲಿಷ್ ಅಂಕೆ ಓದಲು ಬಾರದ ಅಜ್ಜಿ ಪಾಪ ಮೋಸಹೋಗಿದ್ದಾರೆ ಎಂದುಕೊಂಡೆ. ಹೇಳಲೇ ಎಂದು ಒಂದು ಗಳಿಗೆ ಅನ್ನಿಸಿತು. ಅವರು ಆಗಲೇ ಕಾಸನ್ನು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. "ಹೌದಜ್ಜಿ, ಸಿಕ್ಕಿತಲ್ಲ, ಹೋಗುವ" ಎಂದೆ.

ಮನೆ ಮುಟ್ಟುವಾಗ ಇಬ್ಬರೂ ತೊಯ್ದು ತೊಪ್ಪೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಆ ಮುಕ್ಕಾಲನ್ನು ಸೊಸೆಯ ಅಂಗೈಗೆ ಹಾಕಿದರು. ಕುಸುಮಕ್ಕ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಕಾಸನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅಲ್ಲೇ ಅತ್ತುಬಿಟ್ಟರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಅತ್ತೆ, ಮೊದಲು ಆ ಒದ್ದೆ ಸೀರೆ ಬದಲಾಯಿಸಿ. ಶೀತ ಆಗ್ತದೆ" ಎಂದರು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ಮಾತು. ಆ ಸಂಜೆ ಬೆಳಕಿರುವಾಗಲೇ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಕುಸುಮಕ್ಕ ಎರಡು ಸಲ ಅನ್ನ ಹಾಕಿಸಿಕೊಂಡರು. ಒಳಗೆ ಮಲಗಿದ್ದ ಸುನಂದೆ, "ಅಮ್ಮ, ನನಗೆ ಸ್ವಲ್ಪ ಉಪ್ಪಿನಕಾಯಿ" ಎಂದು ಕೂಗಿ ಬೈಸಿಕೊಂಡಳು.

ಮರುದಿನ ಶಾಲೆಯಲ್ಲಿ ಸತ್ಯವನ್ನೇ ಹೇಳಬೇಕು ಎಂಬ ಪಾಠವೇ ಬರಬೇಕೇ! ಓದಿಸಿದೆ. ಮಕ್ಕಳ ಮುಖ ನೋಡದೆ ಓದಿಸಿದೆ.

ಮಳೆ ಸ್ವಲ್ಪ ಹೊಳವಾಗುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಸುನಂದೆಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು, ಆದಿರಾಜಣ್ಣ ಬಾಡಿಗೆ ಕಾರು ಹುಡುಕಿ ಡಾಕ್ಟರನ್ನು ಕರೆತರಲು ಬಂಟ್ವಾಳಕ್ಕೆ ಓಡಿದರು. ನಾನು ಶಾಲೆಗೆ ಹೋದರೂ ಮನಸ್ಸು ಇಲ್ಲೇ. ಮಧ್ಯಾಹ್ನದ ಗಂಟೆ ಹೊಡೆದದ್ದೇ ಓಡಿ ಬಂದೆ. ಇನ್ನೂ ಆಗಿರಲಿಲ್ಲ. ಒಳಗಿನಿಂದ ಸುನಂದೆಯ ಕೂಗು, ನಡುವೆ ಕುಸುಮಕ್ಕನ ಧೈರ್ಯದ ಮಾತು. "ಏನೂ ಆಗುವುದಿಲ್ಲ ಮಗಳೆ, ಮುಡಿಪು ಅಲ್ಲೇ ಉಂಟು, ನೋಡು, ಅಲ್ಲೇ ಉಂಟು."

ಅಜ್ಜಿ ಕೋಣೆಯ ಹೊಸ್ತಿಲ ಹೊರಗೆ ಗೋಡೆಗೆ ಆತು ಕೂತಿದ್ದರು. ಒಳಗೆ ಹೋಗಿರಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು. ನವಕಾರ ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡು ನಾನೂ ಪಕ್ಕದಲ್ಲಿ ಕೂತೆ. ಅವರ ಕೈ ಮುಟ್ಟಿದರೆ ಮಂಜಿನಷ್ಟು ತಣ್ಣಗಿತ್ತು. ಪ್ರತಿ ಕೂಗಿಗೂ ಅವರು ಬೆಚ್ಚುತ್ತಿದ್ದರು. ಡಾಕ್ಟರು ಬಂದು ಒಳಗೆ ಹೋದರು. ಅಂಗಡಿಯ ಬಾಗಿಲು ಮುಚ್ಚಿ ಆದಿರಾಜಣ್ಣ ಅಂಗಳದಲ್ಲಿ ಸುಮ್ಮನೆ ಅತ್ತಿಂದಿತ್ತ ನಡೆದರು. ಬಿಸಿಲು ಅಂಗಳದ ಆ ಬದಿಗೆ ಸರಿಯುವ ಹೊತ್ತಿಗೆ ಮಗುವಿನ ಅಳು ಕೇಳಿತು. ಹೆಣ್ಣು. ತಾಯಿ ಸೋತು ಮಲಗಿದ್ದಳು, ಆದರೆ ಕ್ಷೇಮ. ಮಗುವನ್ನು ತಂದು ತೋರಿಸಿದರೆ ಅಜ್ಜಿಗೆ ಎತ್ತಿಕೊಳ್ಳುವುದಕ್ಕೂ ಕೈಯಲ್ಲಿ ಬಲವಿರಲಿಲ್ಲ. ನಾನೇ ಅವರ ತೋಳಿನ ಕೆಳಗೆ ನನ್ನ ತೋಳು ಕೊಟ್ಟು ಹಿಡಿದೆ.

ಮಗುವಿಗೆ ಕತ್ತು ನಿಂತ ಮೇಲೆ ಎಲ್ಲರೂ ಧರ್ಮಸ್ಥಳಕ್ಕೆ ಹೊರಟರು. ಟೀಚರು ಬಾರದೆ ಆಗುತ್ತದೆಯೇ ಎಂದು ನನ್ನನ್ನೂ ಎಳೆದುಕೊಂಡು ಹೋದರು. ಪುಂಜಾಲಕಟ್ಟೆಯಲ್ಲಿ ಬಸ್ಸು ಹಿಡಿದೆವು, ಬೆಳ್ತಂಗಡಿಯಲ್ಲಿ ಅಳಿಯನೂ ಸೇರಿಕೊಂಡ. ಕುಸುಮಕ್ಕ ಮಗಳನ್ನೂ ಮೊಮ್ಮಗಳನ್ನೂ ಮುಂದೆ ನಿಲ್ಲಿಸಿಕೊಂಡು ಮುಡಿಪನ್ನು ಕಾಣಿಕೆ ಡಬ್ಬಕ್ಕೆ ಹಾಕಿದರು. ಅವರ ಮುಖದಲ್ಲಿ ಅಂದು ಇದ್ದ ನೆಮ್ಮದಿಯನ್ನು ನಾನು ಮತ್ತೆ ಯಾರ ಮುಖದಲ್ಲೂ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಅವರ ಹಿಂದೆ ಅಜ್ಜಿ ತಮ್ಮ ಸೊಂಟದಿಂದ ಬೇರೊಂದು ಸಣ್ಣ ಗಂಟು ತೆಗೆದು, ಯಾರಿಗೂ ಕಾಣದಂತೆ ಡಬ್ಬದೊಳಗೆ ಬಿಟ್ಟರು. ನನಗೆ ಕಂಡಿತು.

ಊಟವಾದ ಮೇಲೆ ಅಜ್ಜಿ ಹೊಳೆಯಲ್ಲಿ ಕಾಲು ತೊಳೆಯಬೇಕೆಂದರು. ನಾನು ಜೊತೆಗೆ ಹೋದೆ. ಮಳೆಗಾಲದ ಕೆಂಪೆಲ್ಲ ಇಳಿದು ನೇತ್ರಾವತಿ ತಿಳಿಯಾಗಿತ್ತು. ಮೆಟ್ಟಿಲ ಮೇಲೆ ಕೂತು ನೀರಿಗೆ 
ಕಾಲು ಬಿಟ್ಟುಕೊಂಡು ಅಜ್ಜಿ ಬೆರಳ ಸಂದುಗಳನ್ನು ತಿಕ್ಕಿ ತೊಳೆದರು.

"ಅಜ್ಜಿ, ಆ ಗಂಟು ಏನದು?"

"ತಪ್ಪು ಕಾಣಿಕೆ."

"ಯಾವ ತಪ್ಪಿಗೆ?"

ಅಜ್ಜಿ ನೀರನ್ನೇ ನೋಡುತ್ತಾ ಹೇಳಿದರು. "ಮುಡಿಪಿನ ದಾರ ಬಿಚ್ಚಲಿಕ್ಕೆ ಬರಲಿಲ್ಲ ಮಗಾ. ಅಡಕತ್ತರಿಯಲ್ಲಿ ಕತ್ತರಿಸಿದೆ. ಕಾಸಿನ ಅಂಚಿಗೆ ತಾಗಿ ಒಂದು ಕಚ್ಚು ಬಿತ್ತು. ದೇವರ ಕಾಸಿಗೆ ಅಡಕತ್ತರಿ ಹಾಕಿದೆ ಅಂತ ಕುಸುಮನ ಹತ್ತಿರ ಹೇಳಲಿಕ್ಕೆ ಬಾಯಿ ಬರಲಿಲ್ಲ. ಆ ದಿನ ಬಂಟ್ವಾಳದಲ್ಲಿ ಹುಡುಕಿದ್ದು ಆ ಕಚ್ಚನ್ನು. ಅಲ್ಲಿದ್ದ ಯಾವುದರಲ್ಲೂ ಇರಲಿಲ್ಲ."

"ಮತ್ತೆ ಇದೇ ಅಂತ..."

"ಬರಿಗೈಯಲ್ಲಿ ಹೋದರೆ ಅವಳು ಉಣ್ಣುತ್ತಿದ್ದಳಾ? ಆ ಹುಡುಗಿಗೆ ಧೈರ್ಯ ಯಾರು ಕೊಡ್ತಿದ್ರು? ಕೈಗೆ ಸಿಕ್ಕಿದ್ದನ್ನು ಇದೇ ಅಂದೆ. ಸುಳ್ಳು ಹೇಳಿದವಳು ನಾನು, ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಆ ಮಕ್ಕಳ ಮೇಲೆ ಬೇಡ ಅಂತ ಮಂಜುನಾಥನಿಗೆ ಹೇಳಿದ್ದೆ. ಹೆರಿಗೆಯ ದಿನ ಹೊಸ್ತಿಲಲ್ಲಿ ಕೂತು ಹೇಳ್ತಾ ಇದ್ದದ್ದು ಅದನ್ನೇ. ಒಳಗೆ ಹೋಗಲಿಕ್ಕೆ ಹೆದರಿಕೆಯಾಗಿತ್ತು. ನನ್ನ ಸುಳ್ಳು ನನ್ನ ಹಿಂದೆಯೇ ಒಳಗೆ ಬಂದರೆ?"

"ಅಜ್ಜಿ, ಅದು ಆ ಕಾಸು ಅಲ್ಲ ಅಂತ ನನಗೂ ಗೊತ್ತಿತ್ತು" ಎಂದೆ.

ಅಜ್ಜಿ ತಿರುಗಿ ನೋಡಿದರು.

"ಅದರ ಮೇಲೆ ಇಸವಿ ಇತ್ತು. ಸುನಂದೆಗೆ ಜ್ವರ ಬಿಟ್ಟು ಎಷ್ಟೋ ಸಮಯದ ಮೇಲೆ ಮಾಡಿದ ಕಾಸು ಅದು. ಅಲ್ಲೇ ನೋಡಿದೆ. ನಿಮಗೆ ಗೊತ್ತಿಲ್ಲ ಅಂದುಕೊಂಡು ಸುಮ್ಮನಿದ್ದೆ."

"ನಿನಗೆ ಗೊತ್ತಿತ್ತಾ? ಗೊತ್ತಿದ್ದೇ ಹೋಗುವ ಅಂದದ್ದಾ?"

"ಹೌದಜ್ಜಿ."

ಅಜ್ಜಿ ನಗುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ತುಂಬಿ ಹರಿಯತೊಡಗಿತು. ಸುನಂದೆಯ ಕಾಲು ಬಾತಾಗ, ಸೊಸೆ ಮಾತು ಬಿಟ್ಟಾಗ, ಹೆರಿಗೆಯ ದಿನ, ಯಾವಾಗಲೂ ಅಳದ ಅಜ್ಜಿ ಆ ಮೆಟ್ಟಿಲ ಮೇಲೆ ಮಗುವಿನ ಹಾಗೆ ಅತ್ತರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಆ ದಿನ ಹೊಸ್ತಿಲಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ ಮಗಾ. ಒಂದು ಮಾತು ಹೇಳಬಾರದಿತ್ತಾ? ನಾನೊಬ್ಬಳೇ ಅಂದುಕೊಂಡಿದ್ದೆ."